ಕೇಳಲಿಕ್ಕೂ ಒಂದು ಲೈಸೆನ್ಸ್

ಅಪ್ಪಯ್ಯನ ಟ್ರಂಕಿನ ತಳದಲ್ಲಿ, ಪಹಣಿ ಮತ್ತು ಸೊಸೈಟಿಯ ಷೇರು ಪತ್ರಗಳ ಕೆಳಗೆ, ಅಂಗೈಯಗಲದ ಒಂದು ಪುಸ್ತಕ ಸಿಕ್ಕಿತು. ಮೂಲೆಗಳನ್ನು ಗೆದ್ದಲು ಮುಟ್ಟಿದೆ. ಒಳಗೆ ಪುಟಪುಟದಲ್ಲೂ ಗೆರೆ ಎಳೆದ ಮನೆಗಳು. ಮನೆಗೊಂದು ಸ್ಟಾಂಪು, ಸ್ಟಾಂಪಿನ ಮೇಲೆ ಅಂಚೆ ಕಚೇರಿಯ ದುಂಡು ಮೊಹರು. ಅದು ರೇಡಿಯೊ ಲೈಸೆನ್ಸು. ವರ್ಷಕ್ಕೆ 15 ರೂಪಾಯಿ ಕಟ್ಟಿ, ಮನೆಯಲ್ಲಿ ಒಂದು ರೇಡಿಯೊ ಇಟ್ಟುಕೊಳ್ಳುವುದಕ್ಕೆ ಸರ್ಕಾರದಿಂದ ಪಡೆದ ಅಪ್ಪಣೆ.

ನನ್ನ ಮಗಳಿಗೆ ಅದನ್ನು ತೋರಿಸಿದೆ. ಮಾತಾಡುವುದಕ್ಕೆ ಲೈಸೆನ್ಸ್ ಬೇಕು ಅಂದರೆ ಒಪ್ಪಬಹುದು, ಕೇಳುವುದಕ್ಕೂ ಬೇಕಿತ್ತಾ ಅಂತ ಅವಳು ಕೇಳಿದಳು. ಬೇಕಿತ್ತು. 1885ರ ಟೆಲಿಗ್ರಾಫ್ ಕಾಯ್ದೆ ಹಗ್ಗದಂತೆ ಉದ್ದಕ್ಕೂ ಎಳೆದುಕೊಂಡು ಬಂದಿತ್ತು. ಅದು ಸಾಲದೆಂದು 1933ರಲ್ಲಿ ಬ್ರಿಟಿಷ್ ಸರ್ಕಾರ ಇನ್ನೊಂದು ಕಾಯ್ದೆ ಮಾಡಿ, ಅಪ್ಪಣೆಯಿಲ್ಲದೆ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತ್ತು. ಬ್ರಿಟಿಷರು ಹೋದ ಮೇಲೂ ಆ ಕಾಯ್ದೆ ಉಳಿಯಿತು. ಮಲೆನಾಡಿನ ಮೂಲೆಯ ಒಂದು ಮನೆಯಲ್ಲಿ, ಚರ್ಮದ ಕವಚದ ಟ್ರಾನ್ಸಿಸ್ಟರ್ ಇಟ್ಟುಕೊಂಡಿದ್ದ ಅಡಿಕೆ ಬೆಳೆಗಾರನೊಬ್ಬ ವರ್ಷಾವರ್ಷ ಮೂರು ಮೈಲಿ ನಡೆದು ಹೋಗಿ ಆ ಸ್ಟಾಂಪು ಅಂಟಿಸಿಕೊಂಡು ಬರುತ್ತಿದ್ದ. ಒಂದು ಮನೆಯೂ ಖಾಲಿ ಬಿಟ್ಟಿಲ್ಲ ಅಪ್ಪಯ್ಯ.

ಮಗಳ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಕೇಳಲಿಕ್ಕೆ ಇಷ್ಟು ಸ್ಟಾಂಪು ಬೇಕಾಗಿತ್ತು ಅನ್ನುವುದಾದರೆ, ಮಾತಾಡಲಿಕ್ಕೆ ಯಾರಿಗೆ ಯಾವಾಗ ಅಪ್ಪಣೆ ಸಿಕ್ಕಿತು? ಭಾರತದ ರೇಡಿಯೊ ಚರಿತ್ರೆಯನ್ನು ಈ ಒಂದು ಪ್ರಶ್ನೆ ಹಿಡಿದುಕೊಂಡು ಓದಿದರೆ ಅದು ಬೇರೆಯೇ ಕಾಣುತ್ತದೆ.

ಮೊದಲು ಮಾತಾಡಿದವರು ಹವ್ಯಾಸಿಗಳು. 1923ರಲ್ಲಿ ಮುಂಬಯಿ ಮತ್ತು ಕಲ್ಕತ್ತದ ರೇಡಿಯೊ ಕ್ಲಬ್ಬುಗಳು, 1924ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ಬು. ಮದರಾಸಿನಲ್ಲಿ ಅದರ ಹಿಂದೆ ನಿಂತವರು ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ. ಸಂಜೆ ಒಂದೆರಡು ಗಂಟೆ ಸಂಗೀತ, ಒಂದಿಷ್ಟು ಭಾಷಣ. ಹಣ ಮುಗಿದಾಗ ಮದರಾಸಿನ ಕ್ಲಬ್ಬು ಬಾಗಿಲು ಹಾಕಿತು. ಕೆಲವು ವರ್ಷಗಳ ಮೇಲೆ ಮದರಾಸು ನಗರಸಭೆ ಅದರ ಟ್ರಾನ್ಸ್‌ಮಿಟರನ್ನು ಎತ್ತಿಕೊಂಡು 1930ರಿಂದ ತಾನೇ ಪ್ರಸಾರ ಶುರುಮಾಡಿತು. ರಸ್ತೆ, ನೀರು, ಚರಂಡಿ ನೋಡಿಕೊಳ್ಳುವ ನಗರಸಭೆಯೊಂದು ಊರಿನ ಸಂಗೀತವನ್ನೂ ತನ್ನ ಕೆಲಸ ಅಂದುಕೊಂಡಿತ್ತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಈ ನಡುವೆ ವ್ಯಾಪಾರವೂ ಒಂದು ಕೈ ನೋಡಿತು. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1927ರ ಜುಲೈ 23ರಂದು ಮುಂಬಯಿಯಲ್ಲಿ, ಆಗಸ್ಟ್ 26ರಂದು ಕಲ್ಕತ್ತದಲ್ಲಿ ಕೇಂದ್ರ ತೆರೆಯಿತು. ಎರಡೂ ಒಂದೂವರೆ ಕಿಲೋವಾಟಿನವು. ಲೈಸೆನ್ಸ್ ಹಣದ ಪಾಲನ್ನೇ ನಂಬಿದ ಕಂಪನಿ ಅದು. ಆದರೆ ಇಷ್ಟು ದೊಡ್ಡ ದೇಶದಲ್ಲಿ ಲೈಸೆನ್ಸ್ ಪಡೆದವರ ಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟಲಿಲ್ಲ. ಮೂರು ವರ್ಷ ತುಂಬುವುದರೊಳಗೆ, 1930ರ ಮಾರ್ಚ್‌ನಲ್ಲಿ, ಕಂಪನಿ ಮುಳುಗಿತು. ಸರ್ಕಾರ ಅದನ್ನು ವಹಿಸಿಕೊಂಡಿತು. ನಷ್ಟ ನೋಡಿ 1931ರಲ್ಲಿ ಮುಚ್ಚಿಬಿಡುತ್ತೇವೆ ಎಂದಿತು. ಜನ ಗಲಾಟೆ ಮಾಡಿದ ಮೇಲೆ ಮನಸ್ಸು ಬದಲಾಯಿಸಿತು. 1935ರಲ್ಲಿ ಲಯೊನೆಲ್ ಫೀಲ್ಡನ್ ಎಂಬವರು ಬಿಬಿಸಿಯಿಂದ ಬಂದು ಚುಕ್ಕಾಣಿ ಹಿಡಿದರು. 1936ರ ಜೂನ್ 8ರಂದು ಆಲ್ ಇಂಡಿಯಾ ರೇಡಿಯೊ ಅನ್ನುವ ಹೆಸರು ಬಂತು. ಬೆಳಗಿನ ಜಾವ ನಿಲಯ ತೆರೆಯುವ ಮುಂಚೆ ಕೇಳುತ್ತಿತ್ತಲ್ಲ, ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಏರುವ ಆ ರಾಗ, ಅದೂ ಆ ಕಾಲದ್ದೇ. ನಾಜಿಗಳ ಕಾಟಕ್ಕೆ ದೇಶ ಬಿಟ್ಟು ಮುಂಬಯಿಗೆ ಬಂದಿದ್ದ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ ಕಟ್ಟಿದ್ದು. ನೆಲೆ ಕಳೆದುಕೊಂಡ ಒಬ್ಬ ಮನುಷ್ಯ ಕಟ್ಟಿದ ಸ್ವರಕ್ಕೆ ಕೋಟ್ಯಂತರ ಮನೆಗಳು ಎಂಬತ್ತಕ್ಕೂ ಹೆಚ್ಚು ವರ್ಷ ಹಾಸಿಗೆಯಿಂದ ಎದ್ದಿವೆ.

ಆದರೆ ನಾನು ಹೇಳಬೇಕೆಂದಿರುವುದು ದಿಲ್ಲಿಯ ಕಥೆಯನ್ನಲ್ಲ, ಮೈಸೂರಿನದು.

1935ರ ಸೆಪ್ಟೆಂಬರ್ 10. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಅದರ ಶಕ್ತಿ 30 ವಾಟ್. ಆ ಕಾಲಕ್ಕೆ ಮನೆಯ ಜಗಲಿಯಲ್ಲಿ ತೂಗುತ್ತಿದ್ದ 40 ವಾಟಿನ ಬಲ್ಬಿಗಿಂತ ಕಡಿಮೆ. ಲಂಡನ್ನಿನಲ್ಲಿ ಓದಿ ಬಂದು 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು ಅವರು. ನಾಟಕದ ಹುಚ್ಚೂ ಇತ್ತು. ಇಂಜಿನಿಯರಲ್ಲ, ವ್ಯಾಪಾರಿಯಲ್ಲ, ಸರ್ಕಾರದ ಅಧಿಕಾರಿಯಲ್ಲ. ಒಬ್ಬ ಮೇಷ್ಟರು ಮನೆಯ ಕೋಣೆಯಲ್ಲಿ ಕೂತು, ಸುತ್ತಲಿನ ಬೀದಿಗಳ ಜನರ ಜತೆ ಗಾಳಿಯಲ್ಲಿ ಮಾತಾಡಬಹುದು ಅಂದುಕೊಂಡರು. ಮುಂದೆ 250 ವಾಟಿನ ಯಂತ್ರ ಬಂತು, ಅರಮನೆಯ ಆಸರೆಯೂ ಸಿಕ್ಕಿತು, 1940ರ ದಶಕದ ಮೊದಲಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು. ಅಷ್ಟು ಹೊತ್ತಿಗೆ ಅದಕ್ಕೊಂದು ಹೆಸರಾಗಿತ್ತು: ಆಕಾಶವಾಣಿ.

ಹೆಸರು ಕೊಟ್ಟವರು ಆ ಕೇಂದ್ರದಲ್ಲಿ ದುಡಿದ ನಾ. ಕಸ್ತೂರಿ ಎಂದು ಒಂದು ಮಾತಿದೆ, ಗೋಪಾಲಸ್ವಾಮಿಯವರೇ ಎಂದು ಇನ್ನೊಂದಿದೆ. ಆ ಜಗಳ ನನಗೆ ದೊಡ್ಡದಲ್ಲ. ಹೆಸರು ಮೈಸೂರಿನದು, ಒಂದು ಮನೆಯ ಕೋಣೆಯಿಂದ ಹೊರಟ ಕೇಂದ್ರದ್ದು. ಸ್ವಾತಂತ್ರ್ಯ ಬಂದು ಒಂದು ದಶಕದ ಹೊತ್ತಿಗೆ ಇಡೀ ದೇಶದ ರೇಡಿಯೊ ಆ ಹೆಸರನ್ನು ತೆಗೆದುಕೊಂಡಿತು. 2023ರಲ್ಲಿ ‘ಆಲ್ ಇಂಡಿಯಾ ರೇಡಿಯೊ’ ಅನ್ನುವುದನ್ನು ಬಿಟ್ಟು ‘ಆಕಾಶವಾಣಿ’ ಎಂದೇ ಹೇಳಬೇಕೆಂಬ ಆದೇಶವೂ ಬಂತು.

ಆ ಪದ ಜನರಿಗೆ ಹೊಸದಲ್ಲ. ಅಶರೀರವಾಣಿಯನ್ನು ಕೇಳದ ಯಕ್ಷಗಾನ ಪ್ರೇಕ್ಷಕ ಯಾರಿದ್ದಾನೆ? ಮದುವೆಯ ಮೆರವಣಿಗೆಯಲ್ಲಿ ತಂಗಿಯ ರಥದ ಲಗಾಮು ಹಿಡಿದು ಹೊರಟ ಕಂಸನಿಗೆ, ಇವಳ ಎಂಟನೆಯ ಮಗನಿಂದಲೇ ನಿನಗೆ ಸಾವು ಎಂದು ಆಕಾಶದಿಂದ ಕೇಳಿಬರುತ್ತದೆ. ಚೌಕಿಯ ಹಿಂದಿನಿಂದ ಯಾರೋ ಆ ಮಾತು ಹೇಳುವಾಗ ಮಗುವಾಗಿದ್ದ ನನ್ನ ರೋಮ ನಿಲ್ಲುತ್ತಿತ್ತು. ನಮ್ಮ ಕಥೆಗಳಲ್ಲಿ ಆಕಾಶವಾಣಿ ಮಾತಾಡುವುದೇ ಅರಸನಿಗೆ ಬೇಡವಾದದ್ದನ್ನು ಹೇಳಬೇಕಾದಾಗ. ನಮ್ಮ ರೇಡಿಯೊಗೆ ಆ ಹೆಸರು ಬಂತು, ಆ ಅಧಿಕಾರ ಬರಲಿಲ್ಲ. ಇದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಅರಸನಿಗೆ ಬೇಡವಾದ ಮಾತು ಗಾಳಿಯಲ್ಲಿ ಕೇಳಿದ್ದೂ ಉಂಟು, ಮೂರು ತಿಂಗಳ ಮಟ್ಟಿಗೆ. ಕ್ವಿಟ್ ಇಂಡಿಯಾ ಕರೆ ಕೊಟ್ಟ ನಾಯಕರೆಲ್ಲ ಜೈಲು ಸೇರಿದ್ದ 1942ರಲ್ಲಿ, 22 ವರ್ಷದ ಉಷಾ ಮೆಹ್ತಾ ಮತ್ತು ಅವರ ಗೆಳೆಯರು ಮುಂಬಯಿಯಲ್ಲಿ ಗುಟ್ಟಾಗಿ ಕಾಂಗ್ರೆಸ್ ರೇಡಿಯೊ ನಡೆಸಿದರು. ಮೊದಲ ಪ್ರಸಾರ ಆಗಸ್ಟ್ 27ರಂದು, 42.34 ಮೀಟರ್ ತರಂಗದಲ್ಲಿ. ಭಾರತದ ಯಾವುದೋ ಜಾಗದಿಂದ ಮಾತಾಡುತ್ತಿದ್ದೇವೆ ಎಂದು ಆ ದನಿ ಹೇಳುತ್ತಿತ್ತು. ಪತ್ರಿಕೆಗಳು ಅಚ್ಚು ಹಾಕಲಾರದ ಸುದ್ದಿಯನ್ನು ಅದು ಹೇಳಿತು. ಪೊಲೀಸರು ವಾಸನೆ ಹಿಡಿದು ಬಂದಂತೆಲ್ಲ ಯಂತ್ರ ಹೊತ್ತುಕೊಂಡು ಮನೆಯಿಂದ ಮನೆಗೆ ಓಡಿದರು. ನವೆಂಬರ್ 12ರಂದು ಸಿಕ್ಕಿಬಿದ್ದರು. ಉಷಾ ಮೆಹ್ತಾಗೆ ನಾಲ್ಕು ವರ್ಷ ಜೈಲಾಯಿತು. ಐದು ವರ್ಷ ಕಳೆದು ಅದೇ ನವೆಂಬರ್ 12ರಂದು, 1947ರಲ್ಲಿ, ಗಾಂಧೀಜಿ ದಿಲ್ಲಿಯ ಆಕಾಶವಾಣಿ ನಿಲಯಕ್ಕೆ ಹೋಗಿ ಕುರುಕ್ಷೇತ್ರದ ನಿರಾಶ್ರಿತರ ಶಿಬಿರದಲ್ಲಿದ್ದವರನ್ನು ಉದ್ದೇಶಿಸಿ ಮಾತಾಡಿದರು. ಅವರು ಆ ನಿಲಯದ ಮೆಟ್ಟಿಲು ಹತ್ತಿದ್ದು ಅದೊಂದೇ ಸಲ. ಎರಡೂ ಒಂದೇ ತಾರೀಕಿನಲ್ಲಿ ಬಂದಿರುವುದು ಆಕಸ್ಮಿಕವೇ ಇರಬಹುದು, ಆದರೂ ಪ್ರತಿ ನವೆಂಬರಿನಲ್ಲಿ ನನಗೆ ಇವೆರಡೂ ಒಟ್ಟಿಗೇ ನೆನಪಾಗುತ್ತವೆ.

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದ ಕೇಂದ್ರಗಳು ಆರು: ದಿಲ್ಲಿ, ಮುಂಬಯಿ, ಕಲ್ಕತ್ತ, ಮದರಾಸು, ತಿರುಚಿನಾಪಳ್ಳಿ, ಲಖನೌ. ಲಾಹೋರ್, ಪೇಶಾವರ, ಢಾಕಾ ಆಚೆಗೆ ಹೋದವು. ಸಂಸ್ಥಾನಗಳ ಕೈಯಲ್ಲಿ ಮೈಸೂರೂ ಸೇರಿ ಐದು ಇದ್ದವು. 1950ರ ಹೊತ್ತಿಗೆ ಅವೂ ದಿಲ್ಲಿಯ ತೆಕ್ಕೆಗೆ ಬಂದವು. ಅದೇ ವರ್ಷ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾಯಿತು. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಬಂತು. ಅದು ಬಂದದ್ದೇ ಮೈಸೂರಿನ ಕೇಂದ್ರ ಮೌನವಾಯಿತು. ಹೆಸರು ಕೊಟ್ಟ ಊರಿನಲ್ಲೇ ದನಿ ಇಲ್ಲ. 1974ರಲ್ಲಿ ಅಲ್ಲಿ ಮತ್ತೆ ಕೇಂದ್ರ ತೆರೆಯುವ ತನಕ ಹತ್ತೊಂಬತ್ತು ವರ್ಷ ಹಾಗೇ ಇತ್ತು.

ಸರ್ಕಾರಿ ರೇಡಿಯೊ ಮಾಡಿದ ದೊಡ್ಡ ಕೆಲಸವನ್ನು ಮರೆತು ಬರೆದರೆ ತಪ್ಪಾಗುತ್ತದೆ. ರಾಜರ ಆಶ್ರಯ ಹೋದ ಮೇಲೆ ಹಾಡುವವರ ಹೊಟ್ಟೆಪಾಡು ಏನಾಗಬೇಕಿತ್ತು? ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಬೆಂಗಳೂರಿನಲ್ಲಿ ವೀಣೆಯ ದೊರೆಸ್ವಾಮಿ ಅಯ್ಯಂಗಾರ್ ಇದ್ದರು. ಎನ್ಕೆ ಕುಲಕರ್ಣಿಯವರಂಥ ಬರಹಗಾರರು ಧಾರವಾಡದ ನಿಲಯದಲ್ಲಿ ಕೂತು ಕಿವಿಗಷ್ಟೇ ಸಲ್ಲುವ ನಾಟಕದ ಹದ ಹುಡುಕಿದರು. ತಿಂಗಳ ಸಂಬಳದ ನೌಕರಿ, ಅದರ ಜತೆಗೆ ಲಕ್ಷಾಂತರ ಕಿವಿ. ಯಾವ ಸಂಸ್ಥಾನವೂ ಕೊಡಲಾರದ್ದನ್ನು ಅದು ಕೊಟ್ಟಿತು. ಅಡಿಕೆ ಸುಲಿಯುತ್ತ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿದ ಹೆಂಗಸರನ್ನು ನಾನು ಕಂಡಿದ್ದೇನೆ. ಯಾವ ರಾಗವೆಂದು ಅವರಿಗೆ ಗೊತ್ತಿರಲಿಲ್ಲ. ಅವರು ತಾನ ಎಳೆದು ನಿಂತಾಗ ಮೆಟ್ಟುಗತ್ತಿಯೂ ನಿಲ್ಲುತ್ತಿತ್ತು.

ಆದರೆ ಏನು ಕೇಳಬೇಕೆಂದು ತೀರ್ಮಾನಿಸುವವರು ಮೇಲೆಯೇ ಇದ್ದರು. 1940ರಲ್ಲಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಸಲ್ಲದೆಂದು ರೇಡಿಯೊದಿಂದ ಹೊರಗಿಟ್ಟರು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ, 1952ರ ಸುಮಾರಿಗೆ, ಸಿನಿಮಾ ಹಾಡುಗಳನ್ನು ಹಿಂಡಿ ಹಿಂಡಿ ಕೊನೆಗೆ ಇಲ್ಲವಾಗಿಸಿದರು. ಜನ ಸುಮ್ಮನೆ ಮುಳ್ಳನ್ನು ತಿರುಗಿಸಿದರು. ರೇಡಿಯೊ ಸಿಲೋನ್ ಕಡಲಾಚೆಯಿಂದ ಅದೇ ಹಾಡುಗಳನ್ನು ಸುರಿಯುತ್ತಿತ್ತು. ಬುಧವಾರ ರಾತ್ರಿ ಅಮೀನ್ ಸಯಾನಿಯವರ ದನಿಗೆ ದೇಶವೇ ಕಿವಿಯಾಗಿ ಕೂರುತ್ತಿತ್ತು. ಸೋತು, 1957ರ ಅಕ್ಟೋಬರ್ 3ರಂದು ಸಿನಿಮಾ ಹಾಡು ಕೇಳಿಸುವ ವಿವಿಧ ಭಾರತಿ ತೆರೆದರು. ಕೇಸ್ಕರ್ ಶಾಸ್ತ್ರೀಯ ಸಂಗೀತಕ್ಕೆ ಮಾಡಿದ್ದು ಬೆಟ್ಟದಷ್ಟು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕೇಳುವವರನ್ನು ಕೇಳದೆ ಅವರ ಕಿವಿಯನ್ನು ತಿದ್ದಲು ಹೊರಟದ್ದು ತಪ್ಪು. ಅಪ್ಪಯ್ಯ 15 ರೂಪಾಯಿ ಕಟ್ಟಿದ್ದು ತಿದ್ದಿಸಿಕೊಳ್ಳಲಿಕ್ಕಲ್ಲ.

ನಮ್ಮ ಮನೆಗೆ ಟ್ರಾನ್ಸಿಸ್ಟರ್ ಬಂದದ್ದು ಭದ್ರಾವತಿ ಕೇಂದ್ರ ಶುರುವಾಗಿ ಮೂರು ವರ್ಷಕ್ಕೆ, ಅಂದರೆ 1968ರಲ್ಲಿ. ಕರೆಂಟು ಇರಲಿಲ್ಲ. ಶೆಲ್ಲು ಇಳಿದಾಗ ಹೊಸದು ತರುವಷ್ಟು ಕೈ ಓಡುತ್ತಿರಲಿಲ್ಲ, ಅಡಿಕೆ ಹರಡಿದ ಅಂಗಳದ ತಟ್ಟಿಯ ಮೇಲೆ ಒಂದು ಮೂಲೆಯಲ್ಲಿ ನಾಲ್ಕು ಶೆಲ್ಲೂ ಬಿಸಿಲು ಕಾಯುತ್ತಿದ್ದವು. ಅಷ್ಟು ಮಾಡಿದರೆ ಇನ್ನೊಂದು ವಾರ ಪ್ರದೇಶ ಸಮಾಚಾರಕ್ಕೆ ಸಾಕು. ಹಲಸಿನ ಮರಕ್ಕೆ ಕಟ್ಟಿದ ತಾಮ್ರದ ತಂತಿ ಮಾಡಿನಿಂದಿಳಿದು ಕಿಟಕಿಯ ಸರಳಿನ ಮೂಲಕ ಒಳಗೆ ಬರುತ್ತಿತ್ತು. ಅದರ ತುದಿಯನ್ನು ರೇಡಿಯೊದ ಹೊಟ್ಟೆಗೆ ಎರಡು ಸುತ್ತು ಸುತ್ತಿದರೆ ದನಿ ನೆಟ್ಟಗಾಗುತ್ತಿತ್ತು.

ಬೆಳಿಗ್ಗೆ ಸಂಸ್ಕೃತ ವಾರ್ತೆ ಬಂತೆಂದರೆ ಏಳು ಗಂಟೆಗೆ ಐದು ನಿಮಿಷ ಇದೆ ಎಂದು ಲೆಕ್ಕ. ಆ ವಾರ್ತೆ 1974ರಲ್ಲಿ ಶುರುವಾದದ್ದು, ಅದು ಬಂದ ಮೇಲೆ ಮನೆಯಲ್ಲಿ ಗಡಿಯಾರಕ್ಕೆ ಕೀ ಕೊಡುವುದನ್ನೇ ಬಿಟ್ಟರು. ಅಮ್ಮ ದೋಸೆ ಹುಯ್ಯುತ್ತ ‘ಸಂಪ್ರತಿ ವಾರ್ತಾಃ ಶ್ರೂಯಂತಾಂ’ ಅನ್ನುವುದನ್ನು ತನಗೇ ಹೇಳಿಕೊಳ್ಳುತ್ತಿದ್ದಳು. ಸಂಜೆ ಕೃಷಿರಂಗ, ಅಡಿಕೆ ಧಾರಣೆ. ಧಾರಣೆ ಹೇಳುವಾಗ ಯಾರೂ ಉಸಿರೆತ್ತುವಂತಿಲ್ಲ. ಮಂಡಿಯವನು ಹೇಳಿದ್ದೇ ಬೆಲೆ ಎಂದು ನಂಬಿಕೊಂಡಿದ್ದ ಜನಕ್ಕೆ, ಮಂಡಿಗೆ ಹೋಗುವ ಮೊದಲೇ ಬೆಲೆ ಗೊತ್ತಾಯಿತು. ಈ ಒಂದು ಬದಲಾವಣೆಯ ಬೆಲೆ ಏನೆಂದು ಅಡಿಕೆ ಬೆಳೆದವರನ್ನು ಕೇಳಬೇಕು.

ಇನ್ನೊಂದನ್ನು ನಾನು ಬೇರೆಲ್ಲೂ ಬರೆದದ್ದು ನೋಡಿಲ್ಲ. ಮೀಡಿಯಂ ವೇವ್ ರೇಡಿಯೊ ಮಿಂಚನ್ನು ಕೇಳುತ್ತದೆ. ಎಲ್ಲೋ ದೂರದಲ್ಲಿ ಮಿಂಚಿದರೂ, ಅದರ ಅಲೆ ಬಂದು ಹಾಡಿನ ನಡುವೆ ಚರ್ ಎನ್ನಿಸುತ್ತದೆ. ಗುಡುಗು ನಮ್ಮನ್ನು ಮುಟ್ಟುವಷ್ಟು ಹತ್ತಿರವಿಲ್ಲದಾಗಲೂ ಅದು ಕೇಳಿಸುತ್ತದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಆಕಾಶ ಇನ್ನೂ ಬೆಳ್ಳಗಿರುವಾಗಲೇ ಅಮ್ಮ ತಲೆಯೆತ್ತಿ ಒಂದು ಕ್ಷಣ ಕಿವಿಗೊಡುತ್ತಿದ್ದಳು. ಎರಡನೆಯ ಸಲ, ಮೂರನೆಯ ಸಲ ಚರ್ ಎಂದರೆ ಅಷ್ಟೇ, ಎಲ್ಲರೂ ಅಂಗಳಕ್ಕೆ ಓಡಿ ಅಡಿಕೆ ಒಟ್ಟುಮಾಡಬೇಕು. ಮುಕ್ಕಾಲು ಗಂಟೆಯಲ್ಲಿ ಮಳೆ. ಅಮ್ಮನಿಗೆ ಅಯಾನುಮಂಡಲ, ತರಂಗ ಇದೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಯಂತ್ರ ಏನು ಹೇಳುತ್ತಿದೆ, ಹೇಳುವುದರ ಸಂದಿಯಲ್ಲಿ ಇನ್ನೇನು ಕೇಳಿಸುತ್ತಿದೆ ಎಂದು ಅವಳು ತಾನೇ ಕಲಿತಿದ್ದಳು.

ರಾತ್ರಿಯಾದರೆ ಮುಳ್ಳಿನ ಜಾಡಿನಲ್ಲಿ ದೂರದ ಊರುಗಳೆಲ್ಲ ಬಂದು ಇಳಿಯುತ್ತಿದ್ದವು. ಹಗಲು ಬಿಸಿಲಿಗೆ ಹುಟ್ಟುವ ವಾಯುಮಂಡಲದ ಒಂದು ಪದರ ಈ ಅಲೆಗಳನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆ ಇನ್ನೂ ಮೇಲಕ್ಕೆ ಹೋಗಿ ಬಡಿದು ನೂರಾರು ಮೈಲಿ ಆಚೆ ಬೀಳುತ್ತದೆ. ಮಲಯಾಳ, ತೆಲುಗು, ಸಿಂಹಳ, ಯಾವುದೆಂದೇ ಗೊತ್ತಾಗದ ಅರಬಿ ಹಾಡು. ಅಪ್ಪಯ್ಯ ಸಣ್ಣ ದನಿಯಲ್ಲಿ ಮುಳ್ಳು ತಿರುಗಿಸುತ್ತ ಕೂರುತ್ತಿದ್ದ. ಊರ ಗಡಿ ದಾಟಿ ಶಿವಮೊಗ್ಗದಾಚೆ ಹೋದವನೇ ಅಲ್ಲ.

ಇಷ್ಟೆಲ್ಲ ಕೇಳಿದೆವು. ನಾವು ಹೇಳಿದ್ದೇನು? ಒಂದೇ ದಾರಿ ಇತ್ತು, ಅಂಚೆ ಕಾರ್ಡು. ಕೋರಿಕೆಯ ಕಾರ್ಯಕ್ರಮಕ್ಕೆ ಅಮ್ಮ ಒಂದು ಕಾರ್ಡು ಬರೆಸಿದ್ದಳು, ನನ್ನ ಅಕ್ಷರದಲ್ಲಿ. ಐದನೆಯ ವಾರ, ಹತ್ತು ಹನ್ನೆರಡು ಹೆಸರುಗಳ ಸಾಲಿನಲ್ಲಿ ಅವಳ ಹೆಸರು ಬಂತು. ಹಾಡು ಯಾವುದೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ, ಕೇಳಲೇ ಇಲ್ಲ. ಅಮ್ಮ ಒಲೆಯ ಮುಂದೆ ಎದ್ದು ನಿಂತಿದ್ದಳು, ಕೈಯಲ್ಲಿ ಊದುಕೊಳವೆ. ಅರ್ಧ ಸೆಕೆಂಡಿನ ಆ ಹೆಸರಿಗೆ ಅವಳ ಮುಖ ಹೇಗಾಗಿತ್ತೆಂದರೆ, ನಾನು ಅದನ್ನು ಇವತ್ತಿಗೂ ಕಾಣಬಲ್ಲೆ.

ಕೇಳುಗರಿಗೆ ಮಾತಾಡಲು ಬಿಟ್ಟ ಪ್ರಯೋಗಗಳೂ ಇಲ್ಲದಿಲ್ಲ. 1956ರಲ್ಲಿ ಯುನೆಸ್ಕೊ ನೆರವಿನಿಂದ ಪುಣೆಯ ಸುತ್ತಲಿನ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೊ ಗ್ರಾಮ ಕೂಟಗಳನ್ನು ನಡೆಸಿದರು. ಹಳ್ಳಿಯವರು ಒಟ್ಟಿಗೆ ಕೂತು ಕಾರ್ಯಕ್ರಮ ಕೇಳುವುದು, ಆಮೇಲೆ ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವುದು, ನಿಲಯ ಉತ್ತರ ಕೊಡುವುದು. ಚೆನ್ನಾಗಿ ನಡೆಯಿತು. ದೇಶವಿಡೀ ಹರಡುತ್ತೇವೆಂದು ಹೊರಟಾಗ ಬೇರು ಹಿಡಿಯಲಿಲ್ಲ.

ಮಾತು ಒಂದೇ ಕೈಯಲ್ಲಿದ್ದರೆ ಏನಾಗುತ್ತದೆ ಎಂದು 1975ರ ಜೂನ್ 26ರ ಬೆಳಿಗ್ಗೆ ಗೊತ್ತಾಯಿತು. ತುರ್ತು ಪರಿಸ್ಥಿತಿ ಹೇರಿದ್ದನ್ನು ಪ್ರಧಾನಿ ಇಂದಿರಾ ಗಾಂಧಿಯವರೇ ಆಕಾಶವಾಣಿಯಲ್ಲಿ ಹೇಳಿದರು. ನಡುಗಬೇಕಾದ ಕಾರಣವಿಲ್ಲ ಎಂಬರ್ಥದ ಮಾತು. ಆಮೇಲೆ ಎರಡು ವರ್ಷ ಆ ಪೆಟ್ಟಿಗೆಯಲ್ಲಿ ಹೊಗಳಿಕೆಯಲ್ಲದೆ ಇನ್ನೊಂದಿಲ್ಲ. 1984ರ ಅಕ್ಟೋಬರ್ 31ರಂದು ಅವರದೇ ಹತ್ಯೆಯಾದಾಗ ಬಿಬಿಸಿ ಹಗಲಲ್ಲೇ ಸಾವಿನ ಸುದ್ದಿ ಹೇಳಿತ್ತು. ಆಕಾಶವಾಣಿ ಹೇಳಿದ್ದು ಸಂಜೆ ಆರಕ್ಕೆ. ತಮ್ಮ ಪ್ರಧಾನಿ ಸತ್ತ ಸುದ್ದಿಯನ್ನು ಭಾರತದ ಜನ ಲಂಡನ್ನಿನಿಂದ ಕೇಳಿದರು. ಮನ್ಸೂರರನ್ನು ಮನೆಗೆ ತಂದ ಪೆಟ್ಟಿಗೆಯೂ ಅದೇ, ಅಂಥ ದಿನ ಬಾಯಿ ಹೊಲಿದುಕೊಂಡು ಕೂತ ಪೆಟ್ಟಿಗೆಯೂ ಅದೇ. ನನಗೆ ಎರಡನ್ನೂ ಬಿಡಲಾಗುವುದಿಲ್ಲ.

ಅದೇ ದಶಕದ ಮಧ್ಯದಲ್ಲಿ ಕೇಳುವ ಲೈಸೆನ್ಸನ್ನು ತೆಗೆದುಹಾಕಿದರು. ಸುದ್ದಿ ಬಂದಾಗ ಅಪ್ಪಯ್ಯ ಏನೂ ಅನ್ನಲಿಲ್ಲ, ಪುಸ್ತಕವನ್ನು ಟ್ರಂಕಿಗೆ ಹಾಕಿದ. ಅಷ್ಟು ಹೊತ್ತಿಗೆ ಊರಿನ ದೊಡ್ಡ ಮನೆಗೆ ಟೀವಿ ಬಂದಿತ್ತು.

ಮಾತಾಡುವ ಲೈಸೆನ್ಸಿನ ಬಾಗಿಲು ಸ್ವಲ್ಪ ತೆರೆದದ್ದು ಕೋರ್ಟಿನಲ್ಲಿ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಕ್ರಿಕೆಟ್ ಪ್ರಸಾರದ ಒಂದು ವ್ಯಾಜ್ಯದಲ್ಲಿ, ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು ಎಂದಿತು. ಸರ್ಕಾರದ್ದೂ ಅಲ್ಲ, ಹಣವಂತರದ್ದೂ ಅಲ್ಲ. 1997ರಲ್ಲಿ ಆಕಾಶವಾಣಿ, ದೂರದರ್ಶನಗಳನ್ನು ನೋಡಿಕೊಳ್ಳುವ ಸ್ವಾಯತ್ತ ಸಂಸ್ಥೆಯಾಗಿ ಪ್ರಸಾರ ಭಾರತಿ ಬಂತು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಮಾತು ಶುರುಮಾಡಿತು. ಬಹಳ ಮಾತಾಡಿತು, ಈಗಲೂ ಆಡುತ್ತಿದೆ. ಆದರೆ ಖಾಸಗಿ ಎಫ್‌ಎಂಗಳು ಇವತ್ತಿಗೂ ತಮ್ಮದೇ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಕೇಳಿಸಬಹುದು ಅಷ್ಟೆ. ಟೀವಿಯಲ್ಲಿ ಇಪ್ಪತ್ನಾಲ್ಕು ಗಂಟೆ ಸುದ್ದಿ ಕಿರುಚಬಹುದು, ಪತ್ರಿಕೆ ಬರೆಯಬಹುದು, ಮೊಬೈಲಿನಲ್ಲಿ ಯಾರು ಏನು ಬೇಕಾದರೂ ಹಂಚಬಹುದು, ರೇಡಿಯೊ ಮಾತ್ರ ಹೇಳಕೂಡದು. ಅಕ್ಷರ ಬಾರದವರನ್ನೂ ಮುಟ್ಟುವ ಮಾಧ್ಯಮದ ಬಗ್ಗೆ ಆ ಹಳೆಯ ಭಯ ಇನ್ನೂ ಹೋಗಿಲ್ಲ.

ಗೋಪಾಲಸ್ವಾಮಿಯವರ 30 ವಾಟಿನ ನಿಜವಾದ ವಾರಸುದಾರರು ಬೆಂಗಳೂರಿನ ಎಫ್‌ಎಂಗಳಲ್ಲ, ಕೋಲಾರ ಜಿಲ್ಲೆಯ ಬೂದಿಕೋಟೆಯವರು ಎಂದು ನಾನು ನಂಬಿದ್ದೇನೆ. ಹೈದರಾಲಿ ಹುಟ್ಟಿದ ಊರು ಅದು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಜನ, ಹೆಚ್ಚಾಗಿ ಸ್ವಸಹಾಯ ಸಂಘಗಳ ಹೆಂಗಸರು, ‘ನಮ್ಮ ಧ್ವನಿ’ ಎಂಬ ನಿಲಯ ಕಟ್ಟಿದರು. ಕಾರ್ಯಕ್ರಮ ಮಾಡಲು ಕಲಿತರು, ಯಂತ್ರ ನಡೆಸಲು ಕಲಿತರು. ಆದರೆ ಗಾಳಿಯಲ್ಲಿ ಕಳಿಸಲು ಅಪ್ಪಣೆಯಿಲ್ಲ. ಮೊದಮೊದಲು ಲೌಡ್‌ಸ್ಪೀಕರಿನಲ್ಲಿ ಕೇಳಿಸಿದರು. ಆಮೇಲೆ ಟೀವಿ ಕೇಬಲ್ಲಿನ ತಂತಿಯಲ್ಲೇ ದನಿಯನ್ನೂ ಸೇರಿಸಿ ಮನೆಮನೆಗೆ ಎಳೆದರು. ಅಲೆಗಳು ಜನರ ಸೊತ್ತು ಎಂದು ಕೋರ್ಟು ಹೇಳಿ ವರ್ಷಗಳು ಕಳೆದಿದ್ದವು, ಬೂದಿಕೋಟೆಯವರು ತಂತಿ ಎಳೆಯುತ್ತಿದ್ದರು. ಊರಿನ ನೀರಿನ ಸಮಸ್ಯೆ, ಮಕ್ಕಳ ಶಾಲೆ, ತಮ್ಮದೇ ಮಾತಿನಲ್ಲಿ, ತಮ್ಮದೇ ರಾಗದಲ್ಲಿ.

2006ರಲ್ಲಿ ನೀತಿ ಬದಲಾಗಿ, ಜನಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಬಹುದು ಎಂದಾಯಿತು. ಸಾಮಾನ್ಯವಾಗಿ 50 ವಾಟಿನ ಟ್ರಾನ್ಸ್‌ಮಿಟರು. ಹತ್ತು ಹನ್ನೆರಡು ಕಿಲೋಮೀಟರು ಸುತ್ತ ಕೇಳುತ್ತದೆ. ಲೈಸೆನ್ಸಿಗೆ ಅಲೆದಾಟ ಇದ್ದೇ ಇದೆ, ಸ್ವಂತ ಸುದ್ದಿ ಹೇಳುವಂತಿಲ್ಲ ಅನ್ನುವ ಕಟ್ಟು ಇವಕ್ಕೂ ಇದೆ. ಆದರೂ 1935ರ ಆ ಕೋಣೆಯ ಅಳತೆಗೆ ನಾವು ಮತ್ತೆ ಬಂದೆವು.

ಹೋದ ಚಳಿಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ಅಂಥದೊಂದು ನಿಲಯಕ್ಕೆ ಹೋಗಿದ್ದೆ. ಹಳೆಯ ಸೋಬಾನೆ ಪದಗಳನ್ನು ಕೂಡಿಡುತ್ತಿದ್ದೇವೆ, ಬಲ್ಲವರಿದ್ದರೆ ಬನ್ನಿ ಎಂದು ಅವರೇ ಹೇಳಿಕಳಿಸಿದ್ದರು. ಸಣ್ಣ ಕೋಣೆ. ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ಟ್ರೇಗಳನ್ನು ಅಂಟಿಸಿ ಮೇಲೆ ಬಟ್ಟೆ ಹೊದಿಸಿದ್ದಾರೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯೊಬ್ಬಳು ಫ್ಯಾನು ಆರಿಸಿದಳು, ಸದ್ದು ಬರುತ್ತದೆಂದು ಅಮ್ಮನ ಕೈಯ ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ ಒಂದು ಕರವಸ್ತ್ರ ಸುತ್ತಿದಳು, ಸ್ಟೀಲಿನ ಲೋಟವನ್ನು ಮೇಜಿನಿಂದ ತೆಗೆದು ನೆಲಕ್ಕಿಟ್ಟಳು.

ಅಮ್ಮ ಮೈಕನ್ನು ಬಹಳ ಹೊತ್ತು ನೋಡಿದಳು.

‘ಇದಕ್ಕೆ ಲೈಸೆನ್ಸ್ ಮಾಡ್ಸಿದೀರಾ ಮಗಾ?’

‘ಮಾಡ್ಸಿದೀವಿ ಅಜ್ಜಿ.’

‘ನಂಗೂ ಬೇಕಾ?’

‘ನಿಮಗೆ ಬೇಡ.’

ಅಮ್ಮ ತಲೆಯಾಡಿಸಿ, ಕರವಸ್ತ್ರದ ಗಂಟನ್ನು ಇನ್ನೊಂದು ಸಲ ಮುಟ್ಟಿ ನೋಡಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.